ಆರೆಕ್ಸ್ ಹಂಡ್ರೆಡ್ ಆಸ್ತಿಯೇನು?

ಗದಗ-ಬೆಟಗೇರಿಯ ಗ್ಯಾರೇಜುಗಳಲ್ಲಿ ಈಗ ಹಳೆಯ ಯಮಹಾ ಆರ್‌ಎಕ್ಸ್ 100 ಬಗ್ಗೆ ಮಾತು ಶುರುವಾದರೆ ಅದು ಮೈಲೇಜಿನ ಮಾತಲ್ಲ, ರೇಟಿನ ಮಾತು. ‘ಇಟ್ಕೊಳ್ರಿ ಸರ, ಬಂಗಾರ ಇದ್ದಂಗ’ ಅನ್ನುತ್ತಾರೆ. ನಮ್ಮ ಮನೆಯಲ್ಲೂ ಒಂದಿದೆ. ಅಪ್ಪ 1993ರಲ್ಲಿ ಕೊಂಡಿದ್ದು. ಅವರು ತೀರಿಕೊಂಡ ಮೇಲೆ ಹುಬ್ಬಳ್ಳಿಯ ಹುಡುಗನೊಬ್ಬ 1,10,000 ರೂಪಾಯಿಗೆ ಕೇಳಿದ. ತಮ್ಮನಿಗೆ ಹೊಲಕ್ಕೆ ಡ್ರಿಪ್ ಹಾಕಿಸಲು ದುಡ್ಡು ಬೇಕು. ಆದರೂ ಅವನೇ ‘ಐದು ವರ್ಷ ತಡಿ ಅಣ್ಣಾ, ಡಬಲ್ ಆಗ್ತದ’ ಅಂತಾನೆ.

ಜಪಾನಿನ ಹಳೆಯ ವೇಗದ ಗಾಡಿಗಳಿಗೆ ಹೊರದೇಶಗಳಲ್ಲೂ ಹೀಗೇ ಬೆಲೆ ಬಂದಿದೆ. 25 ವರ್ಷ ತುಂಬಿದ ವಿದೇಶಿ ಕಾರಿಗೆ ಅಮೆರಿಕ ತನ್ನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಕೊಡುತ್ತದೆ. ಹಾಗಾಗಿ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನಂಥ ಕಾರುಗಳಿಗೆ ಅಲ್ಲಿ ಗಿರಾಕಿ ಹೆಚ್ಚು. ನಮ್ಮ ಸೀಮೆಯ ಸ್ಕೈಲೈನ್ ಅಂದರೆ ಈ ಆರೆಕ್ಸೇ. ಎಸ್ಕಾರ್ಟ್ಸ್ ಕಂಪನಿ ಇದನ್ನು 1985ರಿಂದ 1996ರವರೆಗೆ ತಯಾರಿಸಿತು. 98 ಸಿಸಿ, ಟು-ಸ್ಟ್ರೋಕ್, 11 ಅಶ್ವಶಕ್ತಿ, ತೂಕ ನೂರು ಕೆಜಿ ಚಿಲ್ಲರೆ. ಹೊಗೆಯ ನಿಯಮ ಬಿಗಿಯಾಗಿ ಇಂಥ ಎಂಜಿನ್‌ಗಳ ಕಾಲ ಮುಗಿಯಿತು. ಹೊಸದು ಬರುವುದಿಲ್ಲ, ಇರುವುದು ಕಡಿಮೆಯಾಗುತ್ತಿದೆ. ಬೆಲೆ ಏರುವುದು ಅದಕ್ಕೇ.

ಆದರೆ ಬಂಗಾರ ತಿಜೋರಿಯಲ್ಲಿ ಇಟ್ಟಂಗೇ ಇರುತ್ತದೆ. ಗಾಡಿ ನಿಲ್ಲಿಸಿದರೆ ಟ್ಯಾಂಕಿಗೆ ತುಕ್ಕು, ಕಾರ್ಬೊರೇಟರಿಗೆ ಕಸ. ಓಡಿಸಿದರೆ ಪಿಸ್ಟನ್, ಬೋರ್ ಖರ್ಚು. 15 ವರ್ಷದ ನಂತರ ಪ್ರತಿ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಬೇರೆ. ನಮ್ಮದು ಮತ್ತೆ 2028ಕ್ಕೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನಿಸಿಕೊಳ್ಳಲು 50 ವರ್ಷ ದಾಟಬೇಕು. ಮೊಟ್ಟಮೊದಲ ಆರೆಕ್ಸ್‌ಗೂ 2035ರವರೆಗೆ ಆ ಭಾಗ್ಯವಿಲ್ಲ. ಕಷ್ಟ ಬಂದಾಗ ಬಂಗಾರ ಒಯ್ದಂತೆ ಇದನ್ನು ಸೊಸೈಟಿಗೆ ಒಯ್ದು ಅಡವಿಡಲೂ ಆಗದು.

ಮಾರುವುದೂ ಸಲೀಸಲ್ಲ. ತಿಳಿದ ಗಿರಾಕಿ ಮೊದಲು ನೋಡುವುದು ಚಾಸಿಸ್ ಮತ್ತು ಎಂಜಿನ್ ನಂಬರು ಆರ್‌ಸಿಗೆ ಹೊಂದುತ್ತವೆಯೇ ಅಂತ. ತೀರಿಕೊಂಡವರ ಹೆಸರಲ್ಲಿ ಆರ್‌ಸಿ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ನಾವು ಅದನ್ನು ಮಾಡಿಸಿದ್ದೇವೆ.

ತಮ್ಮನಿಗೆ ನಾನು ಹೇಳಿದ್ದಿಷ್ಟು: ಡ್ರಿಪ್ ಹಾಕಿಸಿದರೆ ಮುಂದಿನ ಬೆಳೆಗೇ ನೀರು ಉಳಿಯುತ್ತದೆ. ಆರೆಕ್ಸ್ ಡಬಲ್ ಆಗುವುದು ಮಾತ್ರ ಕೊಳ್ಳುವವನ ಹುಚ್ಚಿನ ಮೇಲೆ. ಇಟ್ಟುಕೊಳ್ಳುವುದಾದರೆ ಅಪ್ಪನ ಗಾಡಿ ಅಂತ ಇಟ್ಟುಕೊಳ್ಳೋಣ, ಆಸ್ತಿ ಅಂತ ಬೇಡ.

ಅವ್ವನನ್ನು ಕೇಳಿದೆವು. ‘ಗಾಡಿ ನಿಮ್ಮಪ್ಪಂದು ಖರೆ. ಹೊಲಾನೂ ಅವರದ ಐತಿ’ ಅಂದಳು.

ಬರುವ ವಾರ ಹುಬ್ಬಳ್ಳಿಯ ಹುಡುಗ ಗಾಡಿ ನೋಡಲು ಬರುತ್ತಾನೆ.