ಹತ್ತು ನಿಮಿಷದ ಉಪ್ಪಿಟ್ಟು

ಬೆಳಗಿನ ತಿಂಡಿಗಳಲ್ಲಿ ಉಪ್ಪಿಟ್ಟಿನಷ್ಟು ಉಪಕಾರಿಯೂ ಇಲ್ಲ, ಉಪ್ಪಿಟ್ಟಿನಷ್ಟು ಅಪಖ್ಯಾತಿಗೆ ಗುರಿಯಾದದ್ದೂ ಇಲ್ಲ. ಹೇಳದೆ ಕೇಳದೆ ನೆಂಟರು ಬಂದಿಳಿದರೆ ಉಪ್ಪಿಟ್ಟು. ಶನಿವಾರ ಒಪ್ಪೊತ್ತು ಮಾಡುವವರಿಗೆ ರಾತ್ರಿ ಉಪ್ಪಿಟ್ಟು. ಹೆಣ್ಣು ನೋಡಲು ಬಂದವರಿಗೆ ಕೇಸರಿಬಾತಿನ ಮಗ್ಗುಲಲ್ಲಿ ಉಪ್ಪಿಟ್ಟು. ಇಷ್ಟು ಮನೆಗಳ ಮಾನ ಕಾಪಾಡಿದ ಆ ಬಡ ಪದಾರ್ಥಕ್ಕೆ ಹಾಸ್ಟೆಲಿನ ಹುಡುಗರು ಕೊಟ್ಟ ಬಿರುದು ‘ಕಾಂಕ್ರೀಟು’.

ಬಸವನಗುಡಿಯ ರಾಯರು ಈ ವಿಷಯದಲ್ಲಿ ಹುಡುಗರ ಪಕ್ಷವೇ. ನಲವತ್ತೊಂದು ವರ್ಷಗಳ ದಾಂಪತ್ಯದಲ್ಲಿ ತಟ್ಟೆಯ ಮುಂದೆ ಕುಳಿತು “ಇವತ್ತೂ ಉಪ್ಪಿಟ್ಟೇ?” ಎಂದು ಅವರು ಎಷ್ಟು ಬಾರಿ ಕೇಳಿದ್ದರೋ ತಿಳಿಯದು. ಬ್ಯಾಂಕಿನಲ್ಲಿ ಲೆಕ್ಕ ಬರೆದೇ ನಿವೃತ್ತರಾದ ಅವರು ಆ ಒಂದು ಲೆಕ್ಕವನ್ನು ಇಟ್ಟಿರಲಿಲ್ಲ.

ಹೀಗಿರುವಲ್ಲಿ ಮನೆಯಾಕೆ ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರಗಳ ಕಾಲ ಪ್ಲಾಸ್ಟರು. ಮಗ ಪರಸ್ಥಳದಲ್ಲಿದ್ದ. ಸೊಸೆ ಬೆಳಗಿನ ಜಾವದಲ್ಲೇ ಎದ್ದು ಮಧ್ಯಾಹ್ನದ ಅಡಿಗೆಯನ್ನು ಮುಗಿಸಿ, ಏಳು ಗಂಟೆಗೆ ಕಚೇರಿಯ ಬಸ್ಸು ಹಿಡಿಯಬೇಕು. ಮೊಮ್ಮಗಳ ಶಾಲೆಯ ವ್ಯಾನು ಬರುವುದು ಏಳೂಮುಕ್ಕಾಲಿಗೆ. ನಡುವಣ ತಿಂಡಿಯ ಪ್ರಶ್ನೆ ಎದ್ದಾಗ ರಾಯರು, “ಹತ್ತು ನಿಮಿಷದ ಕೆಲಸ, ಅದನ್ನು ನನಗೆ ಬಿಡಿ” ಎಂದರು.

ಮೊದಲನೆಯ ದಿನ ಆಕೆ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು.

“ಏನೇ, ರವೆ ಎಲ್ಲಿದೆ?”

“ಎಡಗಡೆ ಮೂರನೆಯ ಡಬ್ಬಿ. ಹುರಿದಿಟ್ಟದ್ದು, ಮತ್ತೆ ಹುರಿಯಬೇಡಿ.”

ಹುರಿದಿಟ್ಟ ರವೆಗೆ ಹುಳು ಬೇಗ ಬೀಳುವುದಿಲ್ಲ, ಬಿಸಿನೀರಿಗೆ ಬಿದ್ದಾಗ ಗಂಟು ಕಟ್ಟುವುದೂ ಕಡಿಮೆ ಎಂಬುದು ರಾಯರಿಗೆ ಅಂದೇ ತಿಳಿದದ್ದು. ಅದನ್ನು ಹುರಿಯುವುದು ಭಾನುವಾರದ ಮಧ್ಯಾಹ್ನ, ತಾವು ಪತ್ರಿಕೆಯನ್ನು ಮುಖದ ಮೇಲೆ ಹಾಕಿಕೊಂಡು ನಿದ್ರಿಸುವ ವೇಳೆ ಎಂಬುದೂ ತಿಳಿಯಿತು. ಸಾಸಿವೆ ಸಿಡಿಯಿತು. ಉದ್ದಿನಬೇಳೆ ಕೆಂಪಗಾಯಿತು, ಕರಿಬೇವು ಹುಡುಕುವಷ್ಟರಲ್ಲಿ ಕಪ್ಪಾಯಿತು. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರೆಂದು ಆಕೆ ಹೇಳಿದ್ದರು. ನೀರು ಕುದಿಯಿತು ನಿಜ. ಆದರೆ ಒಂದು ಕೈ ಸೌಟು ತಿರುವುತ್ತಿರುವಾಗ ಇನ್ನೊಂದು ಕೈ ರವೆಯನ್ನು ಮಳೆಹನಿಯಂತೆ ಉದುರಿಸಬೇಕೆಂಬುದನ್ನು ಬಾಯಲ್ಲಿ ಹೇಳಬಹುದೇ ಹೊರತು ಕಲಿಸುವುದು ಕಷ್ಟ. ರಾಯರು ಲೋಟವನ್ನು ಒಮ್ಮೆಗೇ ಕವುಚಿದರು. ಗಂಟುಗಳನ್ನು ಒಡೆಯುವುದರಲ್ಲೇ ಕಾಲು ಗಂಟೆ ಕಳೆಯಿತು. ಹತ್ತು ನಿಮಿಷದ ಉಪ್ಪಿಟ್ಟು ಐವತ್ತು ನಿಮಿಷಕ್ಕೆ ಇಳಿಯಿತು. ಮೊಮ್ಮಗಳು ಎರಡು ಚಮಚ ತಿಂದು, “ತಾತ, ನಾಳೆ ಬ್ರೆಡ್ ಕೊಡು, ಸಾಕು” ಎಂದು ಓಡಿದಳು.

ಮರುದಿನ ಅವಲಕ್ಕಿ. ಗಟ್ಟಿ ಅವಲಕ್ಕಿಯನ್ನು ನೀರಿನಲ್ಲಿ ನೆನೆಯಿಡಬೇಕು, ತೆಳು ಅವಲಕ್ಕಿಗೆ ನೀರು ಚಿಮುಕಿಸಿದರೆ ಸಾಕು. ರಾಯರು ತೆಳುವಾದುದನ್ನೇ ನೆನೆಯಿಟ್ಟರು. ಪರಿಣಾಮವನ್ನು ವರ್ಣಿಸುವ ಅಗತ್ಯವಿಲ್ಲ.

ಮೂರನೆಯ ದಿನ ಅಂಗಡಿಯಿಂದ ದೋಸೆ ಹಿಟ್ಟಿನ ಪೊಟ್ಟಣ ಬಂತು. ಅದನ್ನು ಹಳಿಯಬೇಕಾಗಿಲ್ಲ, ಎಷ್ಟೋ ಮನೆಗಳ ಬೆಳಗು ಈಗ ಅದರಿಂದಲೇ ಸಾಗುತ್ತಿದೆ. ಆದರೆ ಹಿಟ್ಟನ್ನು ಹೊಯ್ಯುತ್ತ ನಿಂತ ರಾಯರಿಗೆ, ಇದನ್ನೂ ಯಾರೋ ನಿನ್ನೆ ನೆನೆಯಿಟ್ಟು ರುಬ್ಬಿದ್ದಾರಲ್ಲ ಎನಿಸಿತು. ದಿಢೀರ್ ತಿಂಡಿಯೆನ್ನುವುದೆಲ್ಲ ಹಿಂದಿನ ದಿನವೇ ಯಾರೋ ನೆನಪಿಟ್ಟುಕೊಂಡ ತಿಂಡಿ.

ಇದು ಇಂದಿನ ಕಥೆಯೂ ಅಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲೇ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ‘ಲೋಕೋಪಕಾರ’ವನ್ನು ಬರೆದ ಚಾವುಂಡರಾಯ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು ಅರೆಯುವ ಕ್ರಮವನ್ನು ಹೇಳುತ್ತಾನೆ. ನೆನೆಯಿಟ್ಟವರು ಯಾರೆಂಬುದನ್ನು ಹೇಳುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ಮಾವಳ್ಳಿ ಟಿಫಿನ್ ರೂಮ್ಸಿನಲ್ಲಿ ರವೆ ಇಡ್ಲಿ ಹುಟ್ಟಿತೆಂದು ಆ ಸಂಸ್ಥೆಯವರು ಹೇಳುತ್ತ ಬಂದಿದ್ದಾರೆ. ಅದಕ್ಕೆ ರುಬ್ಬುವ ಕಾಟವಿಲ್ಲ, ಇರುಳೆಲ್ಲ ಹುದುಗುವ ಕಾಟವಿಲ್ಲ. ರವೆಗೆ ಮೊಸರು ಬೆರೆಸಿದರಾಯಿತು. ಆದರೆ ಮೊಸರಿಗೆ ರಾತ್ರಿಯೇ ಹೆಪ್ಪು ಹಾಕಿರಬೇಕಷ್ಟೆ!

ಎರಡನೆಯ ವಾರದ ಮಂಗಳವಾರ ರಾಯರ ಉಪ್ಪಿಟ್ಟು ಸರಿಯಾಗಿ ಬಂತು. ಉದುರುದುರಾಗಿಯೂ ಇತ್ತು, ಮೃದುವಾಗಿಯೂ ಇತ್ತು. ಮೊಮ್ಮಗಳು ಇನ್ನಷ್ಟು ಹಾಕಿಸಿಕೊಂಡಳು. ಮನೆಯಾಕೆ ಎಡಗೈಯಲ್ಲಿ ಚಮಚ ಹಿಡಿದು ತಿಂದು, “ನಿಂಬೆಹಣ್ಣು ಒಲೆ ಆರಿಸಿದ ಮೇಲೆ ಹಿಂಡಿದಿರಿ ತಾನೆ? ಹಾಗೆಯೇ ಮಾಡಬೇಕು” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಎಲ್ಲರದೂ ಆದ ಮೇಲೆ ರಾಯರು ತಾವು ಬಡಿಸಿಕೊಳ್ಳಹೋದರು. ಬಾಣಲೆಯಲ್ಲಿ ಉಳಿದದ್ದು ತಳ ಹಿಡಿದು ಕಂದಾಗಿದ್ದ ಪದರವಷ್ಟೆ. ಅದನ್ನು ಸೌಟಿನಿಂದ ಕೆರೆದು ತಟ್ಟೆಗೆ ಹಾಕಿಕೊಂಡು ಮೇಜಿನ ಮುಂದೆ ಕುಳಿತರು. ತಣ್ಣಗಾಗಿತ್ತು, ಅಲ್ಲಲ್ಲಿ ಕಹಿ. ತಳ ಹಿಡಿಯದ ಬಾಣಲೆ ಯಾವ ಮನೆಯಲ್ಲಿದೆ? ಆದರೆ ಈ ಪದರವನ್ನು ನಲವತ್ತೊಂದು ವರ್ಷಗಳಲ್ಲಿ ತಮ್ಮ ತಟ್ಟೆಯಲ್ಲಿ ಒಮ್ಮೆಯೂ ಕಂಡ ನೆನಪು ಅವರಿಗಾಗಲಿಲ್ಲ. ಹಾಗಾದರೆ ಅದು ಅಷ್ಟು ಕಾಲ ಯಾರ ತಟ್ಟೆಗೆ ಹೋಗುತ್ತಿತ್ತು? ಬಾಗಿಲ ಬಳಿಯ ಕುರ್ಚಿಯ ಕಡೆಗೆ ನೋಡಿದರು. ಆಕೆ ಕಿಟಕಿಯಾಚೆ ಮೊಮ್ಮಗಳಿಗೆ ಕೈ ಬೀಸುತ್ತಿದ್ದರು. ರಾಯರು ಏನೂ ಹೇಳದೆ ಪೂರಾ ತಿಂದು, ತಟ್ಟೆ ತೊಳೆದಿಟ್ಟರು.

ಆ ರಾತ್ರಿ ಹತ್ತು ಗಂಟೆಯ ವೇಳೆಗೆ ಮನೆಯ ದೀಪಗಳೆಲ್ಲ ಆರಿದ್ದವು. ರಾಯರು ಹಾಸಿಗೆಯ ಮೇಲೆ ಮಗ್ಗುಲು ಬದಲಿಸಿದವರು ತಟಕ್ಕನೆ ಎದ್ದು ಅಡಿಗೆಮನೆಗೆ ಹೋದರು. ಮರುದಿನ ಹೆಸರುಕಾಳಿನ ದೋಸೆಯೆಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದರು. ಅದರ ಹಿಟ್ಟು ಹುಳಿಯಬೇಕಾಗಿಲ್ಲ, ಆದರೆ ಕಾಳು ಇರುಳೆಲ್ಲ ನೆನೆಯಬೇಕು. ಎರಡು ಲೋಟ ಕಾಳನ್ನು ತೊಳೆದು, ನೀರು ಹಾಕಿ, ಮುಚ್ಚಿಟ್ಟು, ತೃಪ್ತಿಯಿಂದ ಹಿಂತಿರುಗಿದರು.

ಕತ್ತಲಿನಲ್ಲಿ ಆಕೆಯ ಧ್ವನಿ ಕೇಳಿತು:

“ಒಂದು ಹಿಡಿ ಅಕ್ಕಿ ಸೇರಿಸಿದಿರಾ?”

ಸೇರಿಸಿರಲಿಲ್ಲ. ಅಡಿಗೆಮನೆಯ ದೀಪ ಮತ್ತೆ ಹತ್ತಿತು.