ಹಳೆಯ ಅಚ್ಚು, ಹೊಸ ಬಂಡಿ

ಕನ್ನಡದಲ್ಲಿ ‘ಅಚ್ಚು’ ಎಂಬ ಮಾತು ಬಹಳ ದುಡಿಯುವ ಮಾತು. ಪುಸ್ತಕ ಅಚ್ಚಾಗುತ್ತದೆ, ಬೆಲ್ಲ ಅಚ್ಚಿನಿಂದ ಇಳಿಯುತ್ತದೆ, ಬಂಡಿಯ ಎರಡು ಗಾಲಿಗಳನ್ನು ಕೂಡಿಸಿ ಹಿಡಿದಿರುವ ಕಬ್ಬಿಣಕ್ಕೂ ಅಚ್ಚೆಂದೇ ಹೆಸರು. ಮಗನ ಮೂಗು ತಂದೆಯ ಮೂಗನ್ನು ಹೋತುಬಿಟ್ಟರೆ ನೆರೆಹೊರೆಯವರು, “ಥೇಟ್ ಅಪ್ಪನ ಅಚ್ಚು” ಎಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಅಚ್ಚುಕೂಟಗಳಿಗೆ ಹೆಸರಾದ ಗದುಗಿನ ಸುತ್ತಲಿನ ಜನಕ್ಕಂತೂ ಈ ಮಾತು ಇನ್ನೂ ಹತ್ತಿರದ್ದು. ಒಮ್ಮೆ ಕೂಡಿಸಿದ ಅಚ್ಚು ಕೆಡದಿದ್ದರೆ ಪುಸ್ತಕವನ್ನು ಎಷ್ಟು ಸಲವಾದರೂ ಮರುಮುದ್ರಿಸಬಹುದೆಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಆದರೆ ಬಾಲ್ಯವನ್ನೂ ಹಾಗೆ ಮರುಮುದ್ರಿಸಬಹುದೆಂದು ನಂಬಿದ ಒಬ್ಬ ಗೃಹಸ್ಥರು ಬಿಂಕದಕಟ್ಟಿಯಲ್ಲಿದ್ದಾರೆ.

ಗದಗಿನಿಂದ ಹುಬ್ಬಳ್ಳಿಯ ಹಾದಿ ಹಿಡಿದರೆ ಸ್ವಲ್ಪ ಹೊತ್ತಿಗೇ ಬಿಂಕದಕಟ್ಟಿ ಸಿಗುತ್ತದೆ. ಹೊರಗಿನವರಿಗೆ ಆ ಊರು ಪರಿಚಯವಾಗಿರುವುದು ಅಲ್ಲಿಯ ಮೃಗಾಲಯದಿಂದ. ಈ ಗೃಹಸ್ಥರು ಗದಗಿನ ಒಂದು ಕಚೇರಿಯಲ್ಲಿ ಗುಮಾಸ್ತರು. ವಯಸ್ಸು ಐವತ್ತರ ಸಮೀಪ. ಮನೆಯಲ್ಲಿ ಎರೆಹೊಲ ಗೇಯ್ದು ಬೆನ್ನು ಬಾಗಿಸಿಕೊಂಡ ಅಜ್ಜ, ಮಿತವಾಗಿ ಮಾತಾಡಿದರೂ ನೆಟ್ಟಗೆ ತಾಕುವಂತೆ ಮಾತಾಡುವ ಮನೆಯಾಕೆ, ಹನ್ನೊಂದು ವರ್ಷದ ಮಗ. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೊಂದು ವಾರವಿರುವಾಗ ಈ ಮನೆಗೆ ದೊಡ್ಡದೊಂದು ಪಾರ್ಸೆಲ್ಲು ಬಂದಿತು. ಬಿಚ್ಚಿ ನೋಡಿದರೆ ಒಳಗೊಂದು ಬಣ್ಣಬಣ್ಣದ ಪೆಟ್ಟಿಗೆ. ಅದರ ಮೇಲೆ ಧೂಳೆಬ್ಬಿಸುತ್ತ ಹಾರುವ ಕಪ್ಪು ಬಂಡಿಯೊಂದರ ಚಿತ್ರ.

“ಅಲ್ರೀ, ಹುಡುಗ ಸೈಕಲ್ ಕೇಳಿದ್ರ ಮುಂದಿನ ವರ್ಷ ಅಂದ್ರಿ. ಇದೇನಿದು?” ಎಂದು ಮನೆಯಾಕೆ ಕೇಳಿದರು.

“ಇದೂ ಹುಡುಗನ ಸಲುವಾಗೇ ತರಿಸೇನಿ.”

“ಹೌದ್ರಿ? ಹಂಗಾರ ಪೆಟ್ಟಿಗಿ ಅವನ ಕೈಯಾಗ ಕೊಡ್ರಿ, ನೋಡೋಣು.”

ಗೃಹಸ್ಥರು ಪೆಟ್ಟಿಗೆಯನ್ನು ಕೊಡಲಿಲ್ಲ. ಅದನ್ನು ಎದೆಗವಚಿಕೊಂಡು ಒಳಕೋಣೆಗೆ ಹೋದರು.

ಇದಕ್ಕೊಂದು ಹಿನ್ನೆಲೆಯುಂಟು. ೧೯೮೬ರಲ್ಲಿ ಅವರು ಹತ್ತು ವರ್ಷದ ಹುಡುಗರಾಗಿದ್ದಾಗ ಹುಬ್ಬಳ್ಳಿಯಲ್ಲಿ ನೆಂಟರೊಬ್ಬರ ಮದುವೆಗೆ ಹೋಗಿದ್ದರು. ಆ ಮನೆಯ ಯಜಮಾನರು ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದು ರಜೆಗೆ ಬಂದಿದ್ದರು. ವಿದೇಶದ ಸರಕು ಊರಿಗೆ ಬರುವುದೆಂದರೆ ಇಂಥವರ ಪೆಟ್ಟಿಗೆಯಲ್ಲಿಯೇ ಬರಬೇಕಾಗಿದ್ದ ಕಾಲವದು. ಅವರ ಮಗ ಅಂಗಳದಲ್ಲಿ ನಿಂತು, ಉದ್ದನೆಯ ಕಡ್ಡಿಯುಳ್ಳ ಡಬ್ಬಿಯೊಂದನ್ನು ಹಿಡಿದು ಬೆರಳಾಡಿಸಿದರೆ, ಹತ್ತು ಮಾರು ದೂರದಲ್ಲಿ ಕಪ್ಪು ಬಂಡಿಯೊಂದು ತಾನಾಗಿ ಓಡುತ್ತಿತ್ತು; ತಿರುಗು ಎಂದರೆ ತಿರುಗುತ್ತಿತ್ತು. ಬಿಂಕದಕಟ್ಟಿಯ ಹುಡುಗ ಅನ್ನದ ಪಂಕ್ತಿಯನ್ನು ಮರೆತು ಅದರ ಹಿಂದೆ ಓಡಿದನು. ಯಾರೋ ಹಿರಿಯರು ತೋಳು ಹಿಡಿದು ನಿಲ್ಲಿಸಿ, “ಮುಟ್ಟಬ್ಯಾಡ. ದೂರ ನಿಂತು ನೋಡು” ಎಂದರು. ದೂರ ನಿಂತು ನೋಡಿದ ಆ ಹುಡುಗನಿಗೆ ಮದುವೆಯ ಊಟ, ಓಲಗ, ಮದುಮಕ್ಕಳ ಮುಖ ಯಾವುದೂ ಇಂದು ನೆನಪಿಲ್ಲ. ಬಂಡಿಯ ನೆನಪು ಮಾತ್ರ ಅಚ್ಚೊತ್ತಿ ಉಳಿದಿದೆ.

ಆ ಬಂಡಿಯ ಹೆಸರು ‘ಹಾರ್ನೆಟ್’. ಎಂದರೆ ಕಣಜದ ಹುಳು. ಜಪಾನಿನ ಶಿಜುವೊಕಾ ನಗರದ ತಮಿಯಾ ಎಂಬ ಸಂಸ್ಥೆ ಅದನ್ನು ೧೯೮೪ರಲ್ಲಿ ಹೊರತಂದಿತು. ಈ ಸಂಸ್ಥೆಯ ಕಥೆಯೂ ಒಂದು ತಂದೆ-ಮಗನ ಕಥೆಯೇ. ೧೯೪೬ರಲ್ಲಿ ಯೋಶಿಯೊ ತಮಿಯಾ ಎಂಬವರು ಮರ ಕೊಯ್ಯುವ ಉದ್ಯಮವಾಗಿ ಅದನ್ನು ಆರಂಭಿಸಿದರು. ಮುಂದೆ ಅಲ್ಲಿ ಮರದ ಆಟದ ಮಾದರಿಗಳು ತಯಾರಾಗತೊಡಗಿದವು. ಮಗ ಶುನ್ಸಾಕು ತಮಿಯಾ ಮರವನ್ನು ಬಿಟ್ಟು ಪ್ಲಾಸ್ಟಿಕ್ಕಿನ ಕಡೆ ಹೊರಳಿದರು. ೧೯೬೦ರಲ್ಲಿ ‘ಯಮಾಟೊ’ ಎಂಬ ಯುದ್ಧನೌಕೆಯ ಮಾದರಿ, ೧೯೭೬ರಲ್ಲಿ ರೇಡಿಯೋ ಅಲೆಗಳ ಹತೋಟಿಯಲ್ಲಿ ಓಡುವ ಮೊದಲ ಕಾರು, ೧೯೭೯ರಲ್ಲಿ ಮಣ್ಣಿನ ಹಾದಿಯ ಬಂಡಿಗಳು, ಹೀಗೆ ಒಂದರ ಹಿಂದೊಂದು ಬಂದವು. ಶುನ್ಸಾಕು ೨೦೨೫ರ ಜುಲೈನಲ್ಲಿ, ತಮ್ಮ ೯೦ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಎಂಬತ್ತರ ದಶಕದಲ್ಲಿ ಈ ಬಂಡಿಗಳೊಡನೆ ಆಡಿದ ಮಕ್ಕಳು, ಅಥವಾ ಆಡಲಾಗದೆ ಬಾಯಿ ಬಿಟ್ಟು ನೋಡಿದ ಮಕ್ಕಳು, ಬೆಳೆದು ಸಂಬಳ ತರುವವರಾದರು. ಅವರ ಆಸೆಯನ್ನರಿತ ಸಂಸ್ಥೆ ತನ್ನ ಹಳೆಯ ಮಾದರಿಗಳನ್ನು ಅಲ್ಲಲ್ಲಿ ಸಣ್ಣ ತಿದ್ದುಪಡಿಗಳೊಡನೆ ಮತ್ತೆ ಹೊರತರತೊಡಗಿತು. ಹಾರ್ನೆಟ್ ೨೦೦೪ರಲ್ಲಿ ಮತ್ತೆ ಬಂದಿತು. ಅದನ್ನು ಕೊಳ್ಳುವವರಲ್ಲಿ ಎರಡು ಪಂಥಗಳುಂಟು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿರುವಂತೆ ಕೂದಲೆಳೆಯಷ್ಟೂ ತಪ್ಪದೆ ಕಟ್ಟಬೇಕೆನ್ನುವವರು ಒಂದು ಕಡೆ. ಬುಶ್ಶುಗಳನ್ನು ತೆಗೆದು ಬಾಲ್ ಬೇರಿಂಗ್ ಹಾಕಿ, ಬೇರೆ ಮೋಟರು, ಬೇರೆ ಗಾಲಿ, ಬೇರೆ ಬಣ್ಣ ಎಂದು ತಮ್ಮ ಮನಸ್ಸಿಗೆ ಬಂದಂತೆ ಮಾರ್ಪಡಿಸುವವರು ಇನ್ನೊಂದು ಕಡೆ. ಬಿಂಕದಕಟ್ಟಿಯ ಗೃಹಸ್ಥರು ಮೊದಲನೆಯ ಪಂಥದ ಕಟ್ಟಾ ಅನುಯಾಯಿಗಳು.

ಇಂಥ ಬಂಡಿ ಸಿದ್ಧವಾಗಿ ಬರುವುದಿಲ್ಲ, ಬಿಡಿಭಾಗಗಳಾಗಿ ಬರುತ್ತದೆ. ಬಳ್ಳಿಗೆ ಹಿಡಿದ ಕಾಯಿಗಳಂತೆ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡಿರುವ ಭಾಗಗಳನ್ನು ಒಂದೊಂದಾಗಿ ಕತ್ತರಿಸಿಕೊಳ್ಳಬೇಕು. ಜೊತೆಗೆ ಬರುವ ಪುಸ್ತಕದಲ್ಲಿ ಮಾತಿಗಿಂತ ಚಿತ್ರ ಹೆಚ್ಚು. ಯಾವ ಸ್ಕ್ರೂ ಯಾವುದೆಂದು ತಿಳಿಯಲು ಅದನ್ನು ಅದರ ನಿಜವಾದ ಅಳತೆಯಲ್ಲಿಯೇ ಚಿತ್ರಿಸಿರುತ್ತಾರೆ. ಕೈಯಲ್ಲಿರುವುದನ್ನು ಚಿತ್ರದ ಮೇಲಿಟ್ಟು ನೋಡಿದರಾಯಿತು. ರೇಡಿಯೋ, ಬ್ಯಾಟರಿ, ಚಾರ್ಜರುಗಳನ್ನು ಬೇರೆಯಾಗಿಯೇ ಕೊಳ್ಳಬೇಕು. ಹಿಂದೆ ೨೭ ಮೆಗಾಹರ್ಟ್ಸಿನ ರೇಡಿಯೋ ಇದ್ದಾಗ, ಒಂದೇ ಕಂಪನಾಂಕದ ಎರಡು ಬಂಡಿಗಳು ಒಂದೆಡೆ ಸೇರಿದರೆ ಒಬ್ಬನ ಬೆರಳಿಗೆ ಇನ್ನೊಬ್ಬನ ಬಂಡಿ ತಿರುಗುವುದೂ ಇತ್ತು. ಇಂದಿನವು ೨.೪ ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. ಪ್ರತಿಯೊಂದು ಬಂಡಿಯೂ ತನ್ನ ಡಬ್ಬಿಯ ಮಾತನ್ನಷ್ಟೇ ಕೇಳುತ್ತದೆ. ಇದನ್ನು ಕೇಳಿದ ಅಜ್ಜ, “ಮಕ್ಕಳಿಗೂ ಇಂಥಾದೊಂದು ಡಬ್ಬಿ ಇದ್ದಿದ್ರ ಚೊಲೊ ಆಗ್ತಿತ್ತು. ನಿನ್ನ ಹಿಂದ ನಾ ಹೊಲದ ತುಂಬ ಓಡೂದು ತಪ್ತಿತ್ತು” ಎಂದು ನಕ್ಕರು.

ಕಚೇರಿಯಿಂದ ಬಂದೊಡನೆ ಗೃಹಸ್ಥರು ದೀಪದಡಿ ಚಾಪೆ ಹಾಸಿ ಕೂಡುವರು. ಹುಡುಗ ಎದುರಿಗೆ ಮೊಣಕಾಲೂರಿ ಕೂಡುವನು. ಗಿಯರಿನ ಪೆಟ್ಟಿಗೆ ಸಿದ್ಧವಾಯಿತು. ಹಲ್ಲುಗಳಿಗೆ ಗ್ರೀಸು ಸವರಿದ್ದಾಯಿತು. ಹಿಂಬದಿಗೆ ಎಣ್ಣೆ ತುಂಬಿದ ಎರಡು ಡ್ಯಾಂಪರುಗಳು ಕೂತವು. ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ತನ್ನ ಹಾದಿಯನ್ನು ತಾನೇ ಕೊರೆದುಕೊಂಡು ಇಳಿಯಬೇಕು. ಸಾಕೆನ್ನುವಲ್ಲಿ ನಿಲ್ಲಿಸದೆ ಇನ್ನೊಂದು ಸುತ್ತು ಬಿಗಿದರೆ ಒಳಗಿನ ಸುರುಳಿ ಸವೆದುಹೋಗಿ ಅದು ಎಂದಿಗೂ ಹಿಡಿತಕ್ಕೆ ಬರುವುದಿಲ್ಲ. ಈ ಭಯದಿಂದ ಗೃಹಸ್ಥರು ಉಸಿರು ಬಿಗಿಹಿಡಿದು ತಿರುವುತ್ತಿದ್ದರು.

“ಅಪ್ಪಾ, ನಾ ಒಂದ ಸ್ಕ್ರೂ ತಿರುವ್ಲೇನು?”

“ಬ್ಯಾಡೋ ತಮ್ಮಾ, ಹಾಳಾದೀತು.”

ಎರಡನೆಯ ಸಂಜೆಯೂ ಇದೇ ಪ್ರಶ್ನೆ, ಇದೇ ಉತ್ತರ. ಮೂರನೆಯ ಸಂಜೆ ಹುಡುಗ ಕೇಳಲಿಲ್ಲ. ಚಾಪೆಯ ಮುಂದೆ ಕೂಡಲೂ ಇಲ್ಲ. ಪಡಸಾಲೆಯಲ್ಲಿ ಅಜ್ಜ ಅಮಾವಾಸ್ಯೆಯ ಎತ್ತುಗಳಿಗಾಗಿ ಎರೆಮಣ್ಣು ನಾದುತ್ತಿದ್ದರು. ಹುಡುಗ ಅಲ್ಲಿಗೆ ಹೋದನು. ಅಜ್ಜ ಏನೂ ಹೇಳದೆ ಒಂದು ಮುದ್ದೆ ಮಣ್ಣನ್ನು ಅವನ ಅಂಗೈಯಲ್ಲಿಟ್ಟರು.

ಒಳಕೋಣೆಯಲ್ಲಿ ಕೂತ ಗೃಹಸ್ಥರಿಗೆ ಹೊರಗಿನ ಮಾತು ಕೇಳುತ್ತಿತ್ತು. “ಯಜ್ಜಾ, ನನ್ನ ಎತ್ತಿನ ಕೋಡು ಸೊಟ್ಟ ಆತು.” “ಆಗಲೇಳು. ನನ್ನ ಎತ್ತಿಗೂ ಒಂದು ಕೋಡು ಸೊಟ್ಟನ ಇತ್ತು. ಹನ್ನೆರಡು ವರ್ಷ ದುಡೀತು.” ಆಮೇಲೆ ಇಬ್ಬರೂ ನಕ್ಕ ಸದ್ದು. ಜೋಳದ ದಂಟಿನಿಂದ ಬಂಡಿ ಕಟ್ಟುವ ಮಾತೂ ಬಂದಿತು. ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಸಿಪ್ಪೆಯ ಸೀಳುಗಳನ್ನೇ ಚುಚ್ಚಿ, ನೊಗ ಮೂಕಿ ಗಾಲಿಗಳನ್ನು ಜೋಡಿಸುವ ಆ ವಿದ್ಯೆಯನ್ನು ಗೃಹಸ್ಥರೂ ಒಂದು ಕಾಲಕ್ಕೆ ಅದೇ ಪಡಸಾಲೆಯಲ್ಲಿ ಕಲಿತಿದ್ದರು. ಹುಬ್ಬಳ್ಳಿಯ ಬಂಡಿಯನ್ನು ನೋಡಿಬಂದ ಮೇಲೆ ಅದನ್ನು ಕೈಬಿಟ್ಟಿದ್ದರು.

ಅಷ್ಟರಲ್ಲಿ ಹುಡುಗ ಮಣ್ಣಿನ ಕೈಯಲ್ಲಿಯೇ ಒಳಗೆ ಬಂದು, ಮುಂಗಾಲಿಯ ತೋಳನ್ನು ಎತ್ತಿ ನೋಡಲು ಬೆರಳು ಚಾಚಿದನು.

“ಮುಟ್ಟಬ್ಯಾಡ! ದೂರ ನಿಂತು ನೋಡು!”

ಮಾತು ಬಾಯಿಂದ ಬಿದ್ದ ಮೇಲೆ ಗೃಹಸ್ಥರಿಗೆ ಅದರ ಗುರುತು ಹತ್ತಿತು. ನಲವತ್ತು ವರ್ಷಗಳ ಹಿಂದೆ ಹುಬ್ಬಳ್ಳಿಯ ಅಂಗಳದಲ್ಲಿ ತೋಳು ಹಿಡಿದು ನಿಲ್ಲಿಸಿದವರ ಮಾತದು. ಒಂದಕ್ಷರವೂ ಬದಲಾಗದೆ ಮರುಮುದ್ರಣಗೊಂಡಿತ್ತು. ತಾವು ಪೆಟ್ಟಿಗೆಯಲ್ಲಿ ತರಿಸಿದ್ದು ಬಂಡಿಯನ್ನೆಂದು ಅವರು ತಿಳಿದಿದ್ದರು. ಬಂಡಿಯ ಜೊತೆಗೆ ಆ ಅಂಗಳವೂ, ಅಲ್ಲಿ ದೂರ ನಿಂತ ಹುಡುಗನೂ ಬಂದಿದ್ದರು. ದೂರ ನಿಲ್ಲುವ ಸರದಿ ಮಾತ್ರ ಈಗ ಮಗನದಾಗಿತ್ತು. ಹುಡುಗ ಕೈ ಹಿಂದಕ್ಕೆ ತೆಗೆದುಕೊಂಡು, ಬಾಗಿಲ ಬಳಿ ಸರಿದು ನಿಂತಿದ್ದನು. ಅವನ ಕಣ್ಣಲ್ಲಿ ನೀರಿರಲಿಲ್ಲ, ಆಸೆಯೂ ಇರಲಿಲ್ಲ. ತಂದೆಯಾದವನಿಗೆ ಹೆಚ್ಚು ಭಯ ಹುಟ್ಟಿಸುವುದು ಈ ಎರಡನೆಯದು.

ಆ ರಾತ್ರಿ ಗೃಹಸ್ಥರು ಕೆಲಸ ಮುಂದುವರಿಸಲಿಲ್ಲ. ಮನೆಯಾಕೆಯೂ ಏನೂ ಕೇಳಲಿಲ್ಲ. ಮರುದಿನ ಸಂಜೆ ಚಾಪೆಯ ಮೇಲೆ ಉಳಿದಿದ್ದುದು ಹೊರಮೈ ಒಂದೇ. ಅದು ಗಾಜಿನಂತೆ ಪಾರದರ್ಶಕವಾದ ಪಾಲಿಕಾರ್ಬೊನೇಟಿನ ಕವಚ. ಗೃಹಸ್ಥರು ಅದನ್ನು ಒಯ್ದು ಪಡಸಾಲೆಯಲ್ಲಿ ಹುಡುಗನ ಮುಂದಿಟ್ಟು, “ಇದಕ್ಕ ನೀನ ಬಣ್ಣಾ ಹಚ್ಚು” ಎಂದರು.

“ಕರೇ ಬಣ್ಣಾ ಹಚ್ಚಬೇಕೇನಪ್ಪಾ?” ಎಂದು ಹುಡುಗ ಪೆಟ್ಟಿಗೆಯ ಚಿತ್ರವನ್ನು ನೋಡುತ್ತ ಕೇಳಿದನು.

ಗೃಹಸ್ಥರ ಗಂಟಲಲ್ಲಿ ‘ಹೂಂ’ ಬಂದು ನಿಂತಿತು. ಕಪ್ಪಲ್ಲದ ಹಾರ್ನೆಟ್ ಹಾರ್ನೆಟ್ಟೇ ಅಲ್ಲ. ಆದರೂ ಅವರು ಕೇಳಿದರು: “ನಿನಗ ಯಾವುದು ಬೇಕು?”

“ಹುಲಿ!”

ಮೃಗಾಲಯದ ನೆರೆಯಲ್ಲಿ ಬೆಳೆದ ಹುಡುಗ ಬೇರೇನನ್ನು ಕೇಳಿಯಾನು! ಜಪಾನಿನ ಕಣಜದ ಹುಳುವನ್ನು ಅವನು ಕಂಡವನಲ್ಲ. ಹುಲಿಯನ್ನು ಮಾತ್ರ ಅದೆಷ್ಟೋ ಭಾನುವಾರ ಬೇಲಿಯಾಚೆಗೆ ಕಣ್ತುಂಬ ಕಂಡಿದ್ದನು.

ಪಾರದರ್ಶಕ ಕವಚಕ್ಕೆ ಬಣ್ಣ ಹಚ್ಚುವ ಕ್ರಮ ಸಾಮಾನ್ಯ ಕ್ರಮಕ್ಕೆ ತಿರುಗುಮುರುಗು. ಮೊದಲು ಸಾಬೂನಿನಿಂದ ತೊಳೆದು ಜಿಡ್ಡು ತೆಗೆಯಬೇಕು. ಬಣ್ಣವನ್ನು ಹೊರಗಿನಿಂದಲ್ಲ, ಒಳಗಿನಿಂದ ಹಚ್ಚಬೇಕು. ಹಾಗಾದರೆ ಬಂಡಿ ಎಷ್ಟು ಉರುಳಿ ಮೈ ಕೆರೆದುಕೊಂಡರೂ ಬಣ್ಣ ಹೋಗುವುದಿಲ್ಲ. ಒಳಗಿನಿಂದ ಹಚ್ಚುವುದರಿಂದ ಕಡೆಯಲ್ಲಿ ಬರೆಯಬೇಕಾದುದನ್ನು ಮೊದಲೇ ಬರೆಯಬೇಕು. ಮೊದಲು ಹುಲಿಯ ಕಪ್ಪು ಪಟ್ಟೆಗಳು, ಅವು ಒಣಗಿದ ಮೇಲೆ ಕಿತ್ತಳೆ. ತಪ್ಪಿ ಕಿತ್ತಳೆಯನ್ನು ಮೊದಲು ಹಚ್ಚಿದರೆ ಪಟ್ಟೆಗಳು ಅದರ ಹಿಂದೆ ಅಡಗಿಹೋಗುತ್ತವೆ. ಗೃಹಸ್ಥರು ಇದನ್ನೆಲ್ಲ ವಿವರಿಸಿದರು, ಟೇಪು ಅಂಟಿಸಿಕೊಟ್ಟರು, ಆಮೇಲೆ ಬಹು ಕಷ್ಟಪಟ್ಟು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

ಒಂದು ಕಡೆ ಟೇಪಿನಡಿ ಬಣ್ಣ ಸೋರಿ ಪಟ್ಟೆಯೊಂದು ಕವಲೊಡೆಯಿತು. ಗೃಹಸ್ಥರು ಬಟ್ಟೆಯ ಚೂರನ್ನು ಹಿಡಿದು ಧಾವಿಸಿದರು.

“ಇರ್ಲಿ ಬಿಡಪ್ಪಾ. ಹುಲಿಗೂ ಪಟ್ಟಿ ಹಂಗ ಇರ್ತಾವ. ಒಂದರಂಗ ಇನ್ನೊಂದಕ್ಕಿರೂದಿಲ್ಲ.”

ಹುಡುಗನ ಮಾತು ನಿಜ. ಒಂದು ಹುಲಿಯ ಪಟ್ಟೆಗಳು ಇನ್ನೊಂದಕ್ಕಿರುವುದಿಲ್ಲ. ಬಲ್ಲವರು ಪಟ್ಟೆಗಳಿಂದಲೇ ಹುಲಿಗಳನ್ನು ಗುರುತಿಸುತ್ತಾರೆ. ಮಣ್ಣೆತ್ತಿಗೂ ಇದೇ ಮಾತು ಸಲ್ಲುತ್ತದೆ. ವರ್ಷವರ್ಷವೂ ಅದೇ ಎರೆಮಣ್ಣು, ಅದೇ ಜೋಡೆತ್ತು. ಆದರೆ ಅದಕ್ಕೆ ಅಚ್ಚಿಲ್ಲ. ಕೈ ಬದಲಾದಂತೆ ಕೋಡು ಬದಲಾಗುತ್ತದೆ. ಗದುಗಿನ ವೀರನಾರಾಯಣನ ನೆರಳಿನಲ್ಲಿ ಭಾರತ ಹೇಳಿದ ಕುಮಾರವ್ಯಾಸನೂ ವ್ಯಾಸರ ಕಥೆಯನ್ನು ಅಚ್ಚಿನಿಂದ ಇಳಿಸಲಿಲ್ಲ. ಹತ್ತು ಪರ್ವಗಳನ್ನಷ್ಟೇ ಎತ್ತಿಕೊಂಡು, ಭಾಮಿನಿ ಷಟ್ಪದಿಯಲ್ಲಿ, ತನ್ನದೇ ದನಿಯಲ್ಲಿ ಹೇಳಿದನು. ಅದಕ್ಕಾಗಿಯೇ ಅದು ಗದುಗಿನ ಭಾರತವೆನ್ನಿಸಿತು. ಮರ ಕೊಯ್ಯುತ್ತಿದ್ದ ಯೋಶಿಯೊನ ಮಗ ಮರವನ್ನೇ ಕೊಯ್ಯುತ್ತ ಕುಳಿತಿದ್ದರೆ ಹಾರ್ನೆಟ್ ಹುಟ್ಟುತ್ತಲೇ ಇರಲಿಲ್ಲ. ಅಚ್ಚಿನಿಂದ ವಸ್ತು ಎರಡನೆಯ ಸಲ ಬಂದೀತು. ಮಗ ಮಾತ್ರ ಯಾವ ತಂದೆಯ ಎರಡನೆಯ ಮುದ್ರಣವೂ ಅಲ್ಲ.

ಅಮಾವಾಸ್ಯೆ ಕಳೆದು, ಎರಡು ದಿನ ಬಿಸಿಲು ಬಿದ್ದು ಎರೆನೆಲ ಆರಿದ ಮೇಲೆ ಬಂಡಿ ಹೊರಗೆ ಬಂದಿತು. ಅಜ್ಜ ಕೋಲೂರಿಕೊಂಡು ಕಟ್ಟೆಯ ಮೇಲೆ ಕೂತರು. ಮನೆಯಾಕೆ ಸೆರಗಿಗೆ ಕೈಯೊರಸಿಕೊಂಡು ಬಾಗಿಲಿಗೆ ಬಂದರು. ಡಬ್ಬಿ ಹುಡುಗನ ಕೈಯಲ್ಲಿತ್ತು. ಬಂಡಿ ಒಮ್ಮೆ ನಡುಗಿ, ಬಾಣದಂತೆ ಚಿಮ್ಮಿತು. ಹಾರ್ನೆಟ್ಟಿನ ಹಿಂಬದಿ ಸಣ್ಣ ಉಬ್ಬು ಸಿಕ್ಕರೂ ಪುಟಿಯುತ್ತದೆಂದು ಅದನ್ನು ಬಲ್ಲವರೆಲ್ಲ ಹೇಳುತ್ತಾರೆ. ಅದು ಕುಪ್ಪಳಿಸುತ್ತ ಓಡಿ, ಒಂದು ಹೆಂಟೆಗೆ ಬಡಿದು, ಎರಡು ಪಲ್ಟಿ ಹೊಡೆದು, ಗಾಲಿ ಮೇಲಾಗಿ ಬಿದ್ದಿತು.

ಗೃಹಸ್ಥರ ಎದೆ ಧಸಕ್ಕೆಂದಿತು. ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು. ಅಷ್ಟರಲ್ಲಿ ಹುಡುಗ ಓಡಿಹೋಗಿ ಬಂಡಿಯನ್ನು ಎತ್ತಿ, ಮಣ್ಣು ಕೊಡವಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮುಂಗಾಲಿಯ ಬಳಿ ಏನನ್ನೋ ಬಿಗಿಯತೊಡಗಿದ್ದನು. ಅರ್ಧ ಸುತ್ತು, ಇನ್ನರ್ಧ ಸುತ್ತು. ಸಾಕೆನ್ನುವಲ್ಲಿ ಅವನ ಕೈ ತಾನಾಗಿಯೇ ನಿಂತಿತು.

“ಹೋಗ್ರೀ, ಏನಾತು ನೋಡ್ರಿ” ಎಂದು ಮನೆಯಾಕೆ ಬಾಗಿಲಿನಿಂದ ಕೂಗಿದರು.

“ಬ್ಯಾಡ, ಅವ ನೋಡ್ಕೋತಾನ” ಎಂದರು ಗೃಹಸ್ಥರು. ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ದೂರ ನಿಂತು ನೋಡಿದರು.