ಬಿಸಿಲು ತಿಂದ ತಟ್ಟೆ

ಬಿಸಿಲು ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆನ್ನ ಮೇಲೆ ಅದನ್ನ ಹೊತ್ತೇ ಬೆಳೆದವರು ನಾವು. ಆದರೆ ಸಿ.ಡಿ. ತಟ್ಟೆಯನ್ನೂ ಅದು ತಿನ್ನುತ್ತೆ ಅನ್ನೋದನ್ನ ಹೊಲದ ಬೆರ್ಚಪ್ಪನ ಕೊರಳಲ್ಲಿ ಕಂಡೆವು. ಹಕ್ಕಿ ಬೆದರಿಸಲು ಕಟ್ಟಿದ ತಟ್ಟೆ ಮೊದಲು ಫಳಫಳ ಹೊಳೆಯಿತು. ಬರುಬರುತ್ತಾ ಮೇಲಿನ ಚಿತ್ರ ಮಾಸಿತು, ಲೇಪ ಬಿರಿಯಿತು, ಬೆಳ್ಳಿಯಂಥ ಪೊರೆ ಹಕ್ಕಳೆಯಾಗಿ ಉದುರಿತು. ಕೊನೆಗೆ ಉಳಿದದ್ದು ಹಳದಿ ಅಡರಿದ ಬರೀ ಪ್ಲಾಸ್ಟಿಕ್ಕು.

1982ರಲ್ಲಿ ಈ ತಟ್ಟೆ ಮಾರುಕಟ್ಟೆಗೆ ಬಂದಾಗ ಇದಕ್ಕೆ ಸಾವೇ ಇಲ್ಲ ಅಂದವರಿದ್ದರು. ಇದರ ಮೈ ನೋಡಿ: 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್, ಅದರ ಬೆನ್ನಿಗೆ ಅಲ್ಯೂಮಿನಿಯಂ ಪೊರೆ, ಪೊರೆಯನ್ನು ಕಾಯಲು ಕೂದಲೆಳೆಗಿಂತ ತೆಳ್ಳಗಿನ ಅಕ್ರಿಲಿಕ್ ಲೇಪ. ಹಾಡಿರುವುದು ಈ ಲೇಪದ ಅಡಿಯಲ್ಲೇ. ಹೊಳೆಯುವ ಕಡೆ ಗೀರು ಬಿದ್ದೀತು ಅಂತ ಹೆದರುತ್ತಾರೆ. ನಿಜಕ್ಕೂ ಬಡಕಲು ಮೈ ಚಿತ್ರವಿರುವ ಕಡೆಯದು.

ತಮಾಷೆ ಕೇಳಿ. ಹಸಿ ಲೇಪವನ್ನು ಕಾರ್ಖಾನೆಯಲ್ಲಿ ಗಟ್ಟಿ ಮಾಡುವುದು ನೇರಳಾತೀತ ಬೆಳಕು. ಅದಕ್ಕೆ ಮುಪ್ಪು ತರುವುದೂ ಅದೇ. ಅರೆಗಳಿಗೆಯ ಬೆಳಕು ಅಣುಗಳನ್ನು ಸರಪಳಿಯಾಗಿ ಹೆಣೆಯುತ್ತದೆ. ವರ್ಷಗಟ್ಟಲೆ ಬಿದ್ದರೆ ಆ ಸರಪಳಿಯನ್ನೇ ಕಡಿಯುತ್ತದೆ. ಕಡಿದ ತುದಿಗೆ ಗಾಳಿಯ ಆಮ್ಲಜನಕ ಅಂಟುತ್ತದೆ. ಲೇಪ ಪೆಡಸಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ತೇವ ನುಗ್ಗಿ ಅಲ್ಯೂಮಿನಿಯಂ ಕೆಡುತ್ತದೆ. ಲೇಸರ್ ಬೆಳಕನ್ನು ಹಿಂದಕ್ಕೆ ಕಳಿಸಲು ಕನ್ನಡಿಯೇ ಇಲ್ಲ ಅಂದಮೇಲೆ ಹಾಡೆಲ್ಲಿಂದ ಬರಬೇಕು?

ನಮ್ಮ ಅವ್ವಂದಿರ ಸೋಬಾನೆ ಪದ ತುಂಬಿದ ತಟ್ಟೆಗಳು ಕಂಪನಿಯಲ್ಲಿ ಅಚ್ಚಾದವಲ್ಲ, ಕಂಪ್ಯೂಟರಿನಲ್ಲಿ ಬರೆಸಿಕೊಂಡ ಸಿ.ಡಿ.-ಆರ್‌ಗಳು. ಅವುಗಳಲ್ಲಿ ದನಿ ಕೂತಿರುವುದು ಒಂದು ಬಣ್ಣದ ಪದರದಲ್ಲಿ. ಲೇಪ ಬಿರಿಯುವ ಮೊದಲೇ ಆ ಬಣ್ಣವನ್ನು ಬಿಸಿಲು ಕೆಡಿಸಬಲ್ಲದು. ಕಿಟಕಿಯ ಗಾಜೂ ಪೂರ್ತಿ ಕಾಯುವುದಿಲ್ಲ; 315ರಿಂದ 400 ನ್ಯಾನೊಮೀಟರಿನ ಕಿರಣ ಸಾಕಷ್ಟು ಒಳಗೆ ಬರುತ್ತದೆ.

ತಣ್ಣನೆಯ ಕತ್ತಲ ಕೋಣೆ ಇದ್ದವರ ದನಿ ಉಳಿದೀತು. ತಗಡಿನ ಸೂರಿನವರ ದನಿ? ನೆರಳನ್ನೂ ಈ ನಾಡಿನಲ್ಲಿ ಸಮನಾಗಿ ಹಂಚಿಲ್ಲ. ಅದಕ್ಕೇ ಹೇಳುತ್ತಿದ್ದೇವೆ: ತಟ್ಟೆಯನ್ನು ಡಬ್ಬಿಯೊಳಗೆ ಹಾಕಿ ಕತ್ತಲಲ್ಲಿ ನಿಲ್ಲಿಸಿಡಿ. ಇನ್ನೂ ಹಾಡುತ್ತಿರುವಾಗಲೇ ನಕಲು ಇಳಿಸಿ, ನಾಕು ಮನೆಗೆ ಹಂಚಿ. ಹಾಡಿದ ಕೊರಳುಗಳಲ್ಲಿ ಎಷ್ಟೋ ಈಗಾಗಲೇ ಮಣ್ಣಾಗಿವೆ. ತಟ್ಟೆಯೂ ಹೋದರೆ ಆ ಪದ ಕೇಳಲು ಯಾರ ಮನೆ ಬಾಗಿಲಿಗೆ ಹೋಗೋಣ?